ಬೋರ್ಡು ಕಾಣುವ ಜಾಗ

ಆ ವಾರ ಹೆಡ್‌ಮಾಸ್ತರರಿಗೆ ತಲೆ ಕೆರೆದುಕೊಳ್ಳಲೂ ಪುರಸೊತ್ತಿರಲಿಲ್ಲ. ಸೋಮವಾರ ಡೆಂಗಿ ಜಾಥಾ, ಮಂಗಳವಾರ ಶಾಲಾ ಸಂಸತ್ತಿನ ಚುನಾವಣೆ, ಗುರುವಾರ ಪ್ರತಿಭಾ ಕಾರಂಜಿ. ಎಲ್ಲದರ ಫೋಟೋ ಸಂಜೆಯೊಳಗೆ ಮೇಲಿನವರಿಗೆ ಮುಟ್ಟಬೇಕು. ಇವತ್ತು ವನಮಹೋತ್ಸವ. ಶಿಕ್ಷಣ ಇಲಾಖೆಯ ಸಾಹೇಬರ ಜೀಪು ಆಗಲೇ ಗೇಟಿಗೆ ಬಂದಿತ್ತು.

ಸಸಿ ನೆಡುವ ಜಾಗ ಪ್ರತಿವರ್ಷವೂ ಒಂದೇ. ಶಾಲೆಯ ಹೆಸರಿನ ಬೋರ್ಡು ಫೋಟೋದಲ್ಲಿ ಪೂರ್ತಿ ಬೀಳುವುದು ಅಲ್ಲಿ ಮಾತ್ರ. ಸರಿಯಾಗಿ ಅದೇ ಜಾಗದ ಮೇಲೆ ನಾಲ್ಕನೇ ಇಯತ್ತೆಯ ಹುಡುಗಿಯೊಬ್ಬಳು ಲಂಗ ಹರಡಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದಳು.

"ಶಿವಲೀಲಾ, ಏಳವ್ವ. ಗುಂಡಿ ತೆಗೀಬೇಕು."

"ಏಳಂಗಿಲ್ರಿ ಸರ್."

"ಸಾಹೇಬ್ರು ಬಂದಾರ! ಐದು ಮಿನಿಟಿನ ಕೆಲಸ."

"ಬ್ಯಾರೆ ಕಡೆ ಸಸಿ ಹಚ್ರಿ."

"ಬ್ಯಾರೆ ಕಡೆ ಬೋರ್ಡ್ ಕಾಣಂಗಿಲ್ಲ. ಏಳ್ತೀಯೋ, ನಿಮ್ಮಪ್ಪನ್ನ ಕರಸ್ಲೋ?"

"ಕರಸ್ರಿ. ಅವ್ವನ್ನೂ ಕರಸ್ರಿ. ನಾ ಏಳಂಗಿಲ್ಲ."

ಹೆಡ್‌ಮಾಸ್ತರರು ಕೈಯಲ್ಲಿದ್ದ ಸಲಿಕೆಯನ್ನು ಸಿಟ್ಟಿನಿಂದ ನೆಲಕ್ಕೆ ಕುಕ್ಕಿದರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಯಾವ ಮಗುವೂ ಹೀಗೆ ಎದುರಾಡಿರಲಿಲ್ಲ. ಅಷ್ಟರಲ್ಲಿ ಸಾಹೇಬರೇ ಸಸಿ ಹಿಡಿದು ಹತ್ತಿರ ಬಂದರು.

"ಏನ್ರೀ ಇದು ಗದ್ದಲ?"

ಹುಡುಗಿ ಅವರನ್ನೂ ದುರುಗುಟ್ಟಿ ನೋಡಿದಳು. ಆಮೇಲೆ ಲಂಗದ ಅಂಚನ್ನು ಒಂದಿಷ್ಟೇ ಸರಿಸಿದಳು. ಅಲ್ಲಿ ಆಡು ಮೇಯ್ದು ಉಳಿಸಿದ ಗೇಣುದ್ದದ ಕಡ್ಡಿಯಿತ್ತು. ಅದರ ಬುಡದ ಮಣ್ಣು ಒದ್ದೆಯಾಗಿತ್ತು, ಕಡ್ಡಿಯ ಮಗ್ಗುಲಲ್ಲಿ ನಾಲ್ಕು ಹೊಸ ಎಲೆ ಒಡೆದಿದ್ದವು.

"ಹೋದ ವರ್ಷ ಹಚ್ಚಿದ್ದು ಇನ್ನೂ ಸತ್ತಿಲ್ರಿ."