ಸಂಪಿನೊಳಗಿನ ಗೋಡೆ

ದಾವಣಗೆರೆಯಲ್ಲಿ ಒಂದು ಮೂರಂತಸ್ತಿನ ಬಿಲ್ಡಿಂಗು. ಅಪ್ಪ ತೀರಿಕೊಂಡ ಮೇಲೆ ಅಣ್ಣ-ತಮ್ಮ ಪಾಲಾದರು...

ಅಣ್ಣ ಮುರಿಗೆಪ್ಪನಿಗೆ ಕೆಳಗಿನ ಮನೆ, ಬೋರ್‌ವೆಲ್. ತಮ್ಮ ಕೊಟ್ರೇಶನಿಗೆ ಮೇಲಿನ ಮನೆಗಳು, ಟೆರೇಸು, ಅದರ ಮೇಲೆ ಬೀಳುವ ಮಳೆ.

ಅಪ್ಪ ಬೋರ್ ನೀರು, ಮಳೆ ನೀರು ಎರಡನ್ನೂ ಒಂದೇ ಸಂಪಿಗೆ ಬಿಟ್ಟಿದ್ದ. ಮಕ್ಕಳು ಆ ಸಂಪಿನ ಮಧ್ಯೆ ಗೋಡೆ ಕಟ್ಟಿಸಿದರು. ಯಾರ ಪಾಲಿಗೆ ಹೋಗೋದು ಅಂತ ಒಳಗಿನ ಕಪ್ಪೆಗಳು ಊಟ ಬಿಟ್ಟವಂತೆ...

ಅದೇ ಗಲಾಟೆಯಲ್ಲಿ ಅವ್ವನ ಹಿತ್ತಾಳೆ ಸೌಟು ಕಳೆಯಿತು. "ತಮ್ಮನೇ ಕದ್ದಾನ" ಅಂತ ಮುರಿಗೆಪ್ಪ ಊರೆಲ್ಲ ಹೇಳಿಕೊಂಡು ಬಂದ. ಇಬ್ಬರ ನಡುವೆ ಮಾತು ನಿಂತಿತು.

ಆದರೂ ಒಂದು ವಿಚಿತ್ರ...

"ನನ್ನ ಪುಣ್ಯಕ್ಕ ಬೋರ್ ನೀರು ಎಳನೀರಿನಂಗ ಐತಿ ನೋಡ್ರಿ!" ಅಂತ ಅಣ್ಣ.

"ನನ್ನ ಮಳೆ ನೀರು ಬ್ಯಾಸಿಗಿಗೂ ಖಾಲಿ ಆಗಂಗಿಲ್ಲ!" ಅಂತ ತಮ್ಮ.

"ಹೌದಪ್ಪಾ, ಹೌದು" ಅಂತ ಅವ್ವ.

ಸಂಪು ತೊಳೆಯುವ ದಿನ ಅವ್ವ ಸೆರಗು ಸಿಕ್ಕಿಸಿ ತಾನೇ ಏಣಿ ಇಳಿಯುತ್ತಿದ್ದಳು. "ಗಂಗವ್ವನ ಮನಿಗೆ ಗಂಡಸರು ಇಳೀಬಾರದು. ಕಣ್ಣು ಹೋಗ್ತಾವ!"

ಯಾವ ಶಾಸ್ತ್ರದಲ್ಲೂ ಇಲ್ಲದ ಶಾಸ್ತ್ರ. ಮಕ್ಕಳು ಹೆದರಿ ದೂರ ನಿಲ್ಲುತ್ತಿದ್ದರು.

ಹೋದ ವರ್ಷ ಅವ್ವ ತೀರಿಕೊಂಡಳು...

ಮುರಿಗೆಪ್ಪನ ನೀರು ಉಪ್ಪಾಯಿತು, ಬೇಳೆ ಬೇಯಲಿಲ್ಲ. ಕೊಟ್ರೇಶನ ನಲ್ಲಿ ಸಂಕ್ರಾಂತಿಗೇ ಬತ್ತಿತು. ಬಾಡಿಗೆಯವರು ಹೊರಟರು. ಅವ್ವನ ಪುಣ್ಯತಿಥಿ ಮುಗಿಯುತ್ತಲೇ ಮನೆ ಮಾರುವುದು ಅಂತ ವಕೀಲರ ಮುಖಾಂತರ ತೀರ್ಮಾನವಾಯಿತು.

ಪುಣ್ಯತಿಥಿಗೆ ಸಂಪು ತೊಳೆಯಬೇಕಲ್ಲ? ಕಣ್ಣು ಹೋದರೆ ಹೋಗಲಿ ಅಂತ ಮುರಿಗೆಪ್ಪ ನೀರು ಖಾಲಿ ಮಾಡಿಸಿ ಇಳಿದ.

ಗೋಡೆಯ ಬುಡದಲ್ಲಿ ಒಂದು ಪೈಪಿನ ತುಂಡು. ಈ ಕಡೆಯಿಂದ ಆ ಕಡೆಗೆ... ಗೋಡೆ ಕಟ್ಟುವಾಗಲೇ ಗೌಂಡಿಗೆ ಹೇಳಿ ಯಾರೋ ಇಡಿಸಿದ್ದು. ಈಗ ಕೆಸರು ತುಂಬಿ ಮುಚ್ಚಿಹೋಗಿತ್ತು.

ಪಕ್ಕದ ಮೊಳೆಯಲ್ಲಿ ಅವ್ವನ ಸೌಟು ನೇತಾಡುತ್ತಿತ್ತು.

ಮುರಿಗೆಪ್ಪ ಅದೇ ಸೌಟಿನಿಂದ ಕೆಸರು ಕೆರೆದ, ಕೈ ತೂರಿಸಿದ... ಆ ಕಡೆಯಿಂದ ಯಾರದೋ ಬೆರಳು ತಾಗಿತು.

"ಯಾರಲೇ?"

"ನಾನಣ್ಣಾ... ನಮ್ಮ ಕಡೀದು ತೊಳಿಯಾಕ ಇಳಿದಿದ್ದೆ."

"ಅವ್ವನ ಸೌಟು ಸಿಕ್ತಲೇ ತಮ್ಮಾ..."

ಆ ಕಡೆಯ ಕೈ ಅಣ್ಣನ ಕೈಯನ್ನು ಹಿಡಿದುಕೊಂಡಿತು.

"ಅಕಿ ಇದ್ದಾಗ ಒಂದಿನಾನೂ ಕೂಡಿ ಉಣ್ಣಲಿಲ್ಲಲ್ಲೋ ನಾವು..."

"ಉಣ್ಣಲಿಲ್ಲಣ್ಣಾ... ಆದ್ರ ಇಷ್ಟು ವರ್ಷ ಕೂಡೇ ಕುಡಿದೀವಿ."

ಪೈಪಿನೊಳಗೆ ಎರಡು ಕೈ ಒಂದನ್ನೊಂದು ಬಿಡಲಿಲ್ಲ. ಒರೆಸಿ ಒಣಗಿಸಿದ ಸಂಪಿನಲ್ಲಿ ಆಮೇಲೆ ಒಂದು ಬಿಂದಿಗೆ ನೀರು ಸಿಕ್ಕಿತಂತೆ. ಬೋರಿನದೂ ಅಲ್ಲ, ಮಳೆಯದೂ ಅಲ್ಲ...

ಮನೆ ಮಾರಲಿಲ್ಲ. ಗೋಡೆಯನ್ನೂ ಒಡೆಸಲಿಲ್ಲ... ಅವ್ವನ ಪೈಪು ಇದೆಯಲ್ಲ.

*ನಾವು ಗೋಡೆ ಕಟ್ಟುತ್ತೇವೆ... ತಾಯಿ ಅದರಲ್ಲೊಂದು ದಾರಿ ಬಿಡಿಸಿರುತ್ತಾಳೆ.*

ನಿಮ್ಮ ಮನೆಯ ಕೆಸರು ತೆಗೆಯುವ ಕೈ ಯಾರದ್ದು... ಆ ಕೈ ಇರುವಾಗಲೇ ಒಮ್ಮೆ ಇಳಿದು ನೋಡಿದ್ದೀರಾ?