ಕೆಂಪು ದೋಣಿಯೋ, ನೀಲಿ ದೋಣಿಯೋ

"ಮುದುಕ ಏನೋ ಮುಚ್ಚಿಡ್ತಿದ್ದಾನೆ. ಇನ್ನೂ ಬೆಲೆನೇ ಹೇಳಿಲ್ಲ," ಎಂದು ಪಿಸುಗುಟ್ಟಿದ ಗಾರ್ಡಿ.

"ಮುಚ್ಚಿಡ್ಲಿ ಬಿಡು. ನೀನು ಕುಟ್ಟು," ಎಂದಳು ಹೆಂಡತಿ ಮರ್ಲಿಸ್.

ಗಾರ್ಡಿ ಸರೋವರದ ದಂಡೆಯಲ್ಲಿದ್ದ ಕೆಂಪು ಸ್ಕೀ ದೋಣಿಯ ತಳವನ್ನು ಮುಷ್ಟಿಯಿಂದ ಕುಟ್ಟಿದ. ಕಾಲಿಗೆ ಹಲಗೆ ಕಟ್ಟಿ ನೀರಿನ ಮೇಲೆ ಜಾರುವವರನ್ನು ಹಗ್ಗದಿಂದ ಎಳೆಯುವ ಮೋಟಾರು ದೋಣಿ ಅದು. ಒಳಗಿನ ಮರ ಕೊಳೆತಿದ್ದರೆ ಸದ್ದಿನಲ್ಲೇ ತಿಳಿಯುತ್ತದೆ. ಗಟ್ಟಿಯಾಗಿಯೇ ಇತ್ತು. ಪಕ್ಕದ ನೀಲಿ ದೋಣಿಯೂ ಅದೇ ಕಂಪನಿಯದು, ಎರಡು ವರ್ಷ ಕಿರಿಯದು. ಅದೂ ಗಟ್ಟಿ. ಇದು ಅವರು ಬಂದ ನಾಲ್ಕನೇ ಶನಿವಾರ. ಅಮೆರಿಕದ ಈ ಚಳಿನಾಡು ವಿಸ್ಕಾನ್ಸಿನ್‌ನಲ್ಲಿ ಬೇಸಿಗೆಯೆಂದರೆ ಬೆರಳೆಣಿಕೆಯ ಶನಿವಾರಗಳು. ನೀರಿಗಿಳಿಯದೆ ಅವು ಕಳೆದುಹೋದರೆ ಮರ್ಲಿಸ್‌ಗೆ ಇಡೀ ಚಳಿಗಾಲ ಅನ್ನ ಸೇರುವುದಿಲ್ಲ.

ಮಾರುವವನು ಓರ್ವಿಲ್, ಎಪ್ಪತ್ತು ದಾಟಿದ ಆಸಾಮಿ. ಇವರ ಗಾಡಿ ಗೇಟಿಗೆ ಬರುವ ಮೊದಲೇ ಈಜುವ ರಬ್ಬರ್ ದಿರಿಸು ತೊಟ್ಟು ನಿಂತಿದ್ದ.

"ಕುಟ್ಟಿದ್ರೆ ಏನ್ ಗೊತ್ತಾಗುತ್ತೆ, ಮರಿ? ಯಾವ ದೋಣಿ ಹಿಂದಿನ ಅಲೆ ಮೆದು ಅನ್ನೋದು ಹಗ್ಗ ಹಿಡಿದೋನ ಮೊಣಕಾಲಿಗೇ ಗೊತ್ತಾಗೋದು. ನೀನು ಓಡ್ಸು, ನಾನು ಹಿಂದೆ ಬರ್ತೀನಿ."

ಹಗ್ಗದ ತುದಿಗೊಬ್ಬರು, ಓಡಿಸಲೊಬ್ಬರು, ಬಿದ್ದವರನ್ನು ನೋಡಿಕೊಳ್ಳಲು ಇನ್ನೊಬ್ಬರು. ಮೂವರಿಲ್ಲದೆ ಇಲ್ಲಿ ಯಾರೂ ಸ್ಕೀ ಮಾಡುವುದಿಲ್ಲ. ಅದಕ್ಕೇ ಜಾಹೀರಾತಿನಲ್ಲಿ 'ಇಬ್ಬರು ಬನ್ನಿ' ಎಂದು ಓರ್ವಿಲ್ ಬರೆಸಿದ್ದ.

ಅವನ ಸರದಿ ಮುಗಿದ ಮೇಲೆ ಗಾರ್ಡಿ ಹಗ್ಗ ಹಿಡಿದ, ಆಮೇಲೆ ಮರ್ಲಿಸ್. ಮೊದಲು ಕೆಂಪು, ನಂತರ ನೀಲಿ, ಅನುಮಾನ ಬಂದು ಮತ್ತೆ ಕೆಂಪು. ಸ್ಕೀ ಹಲಗೆಗಳನ್ನು ಮನೆಯಿಂದಲೇ ತಂದಿದ್ದರು. ಕೊಳ್ಳುವವರೆಂದರೆ ಹೀಗಿರಬೇಕು, ಇಷ್ಟು ಶ್ರದ್ಧೆಯಿಂದ ಜನ ಹೆಣ್ಣನ್ನೂ ನೋಡುವುದಿಲ್ಲ. ಸಂಜೆಯಾದರೂ ತೀರ್ಮಾನ ಮಾತ್ರ ಆಗಲಿಲ್ಲ.

"ಅವಸರವೇ ಅಪಘಾತಕ್ಕೆ ಕಾರಣ," ಎಂದ ಓರ್ವಿಲ್. "ಮುಂದಿನ ಶನಿವಾರ ಗಾಳಿ ಇದ್ರೆ ಇನ್ನೊಂದ್ಸಲ ನೋಡಿ."

ಅವರು ಹೊರಟ ಮೇಲೆ ಓರ್ವಿಲ್ ದಂಡೆಯಿಂದ ಮನೆಯ ಮೆಟ್ಟಿಲು ಹತ್ತಿದ. ಸೊಂಟದ ಆಪರೇಷನ್ ಆದ ಮೇಲೆ ದೋಣಿ ಹತ್ತಲಾಗದ ಹೆಂಡತಿ ಲವೋನ್, ಜಗಲಿಯ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡಿದ್ದಳು.

"ಪಾಪ, ಯಾವುದನ್ನಾದ್ರೂ ಮಾರ್ಬಾರ್ದಾ?"

"ಮಾರಿದ್ರೆ ನನ್ನನ್ನ ಎಳೆಯೋರು ಯಾರೇ?" ಎಂದು ಓರ್ವಿಲ್ ಕಣ್ಣು ಮಿಟುಕಿಸಿದ. "ಎರಡಿದ್ರೆ ತಾನೇ ಅವ್ರಿಗೆ ಗೊಂದಲ? ಹಿಂಗೇ ಇರ್ಲಿ."

ಅಷ್ಟರಲ್ಲಿ ಗಾರ್ಡಿಯ ಗಾಡಿ ಹೆದ್ದಾರಿ ಸೇರಿತ್ತು. ಮರ್ಲಿಸ್ ಒದ್ದೆ ಕೂದಲು ಒರೆಸಿಕೊಳ್ಳುತ್ತ ಗಂಡನನ್ನು ತಿವಿದಳು.

"ಅಪ್ಪಿತಪ್ಪಿ ಬೆಲೆ ಕೇಳ್ಬಿಟ್ಟೀಯ ಮತ್ತೆ! ದೋಣಿ ಇರ್ಲಿ, ನಮ್ಮ ಹತ್ರ ಹುಟ್ಟು ಕೊಳ್ಳೋಕೂ ಕಾಸಿಲ್ಲ."