ಕೂರಲೊಲ್ಲದ ಮಾಡ್ಯೂಲ್

ತಂತ್ರಜ್ಞೆಯನ್ನು ಒಳಗೆ ಬಿಟ್ಟು ಬೀಗ ತಿರುಗಿಸುವಾಗ ಕಾವಲುಗಾರ ಅವಳ ಮುಖ ನೋಡಲಿಲ್ಲ. ಈ ತಿಂಗಳಲ್ಲಿ ಇದು ಆರನೆಯ ಸಲ. ತಪ್ಪು ಮಾಡದವರನ್ನು ಜೈಲಿಗೆ ತಳ್ಳಿದಂತಾಗುತ್ತಿತ್ತು ಅವನಿಗೆ.

ನಿಯಮ ನಿಯಮವೇ. ರೌಟರ್ ಕೋಣೆಯೊಳಗೆ ಫೋನ್ ಒಯ್ಯುವಂತಿಲ್ಲ. ಕೆಲಸ ಮುಗಿಯುವವರೆಗೆ ಬಾಗಿಲು ತೆರೆದಿಡುವಂತಿಲ್ಲ. ಅಪ್ಪಣೆಯಿಲ್ಲದೆ ಎರಡನೆಯವರು ಕಾಲಿಡುವಂತಿಲ್ಲ. ಒಳಗೆ ಕಿಟಕಿಯೂ ಇಲ್ಲ. ಚಳಿ ಬೇರೆ, ಜೊತೆಗೆ ಹಗಲಿರುಳೂ ಫ್ಯಾನುಗಳ ಗದ್ದಲ. ಅಂಥ ಕಡೆ ಒಬ್ಬ ಹೆಣ್ಣುಮಗಳು ಗಂಟೆಗಟ್ಟಲೆ ಒಬ್ಬಳೇ ಕೂತಿರಬೇಕು.

ಎಲ್ಲ ರಗಳೆಗೂ ಮೂಲ ಒಂದು ಮಾಡ್ಯೂಲ್, ಎಳೆದು ತೆಗೆದು ಮತ್ತೆ ಕೂರಿಸಬಹುದಾದ ಒಂದು ಬಿಡಿಭಾಗ. ಊರಿನ ಇಂಟರ್ನೆಟ್ಟೆಲ್ಲ ಹಾದುಹೋಗುವ, ಬೀರುವಿನಷ್ಟು ಎತ್ತರದ ಆ ರೌಟರ್‌ನಲ್ಲಿ ಪ್ರೊಸೆಸರ್ ಮಾಡ್ಯೂಲ್‌ಗಳು ಎರಡು. ಒಂದು ದುಡಿಯುತ್ತದೆ. ಅದು ಕೈಕೊಟ್ಟರೆ ಇರಲಿ ಎಂದು ಇನ್ನೊಂದು ಸುಮ್ಮನೆ ಕಾದು ಕೂತಿರುತ್ತದೆ. ತಂಟೆಯೆಲ್ಲ ಈ ಕಾದು ಕೂತಿರುವುದರದೇ. ಸ್ಕ್ರೂ ಸಡಿಲವಾಗುತ್ತದೆ, ಕೆಂಪು ದೀಪ ಹತ್ತುತ್ತದೆ, ದೂರದ ಮುಖ್ಯ ಕಚೇರಿಯಲ್ಲಿ ಗಂಟೆ ಹೊಡೆಯುತ್ತದೆ. ಆಮೇಲೆ ತಂತ್ರಜ್ಞೆ ಅದನ್ನು ಹೊರಗೆಳೆದು, ಪರೀಕ್ಷಿಸಿ, ಮತ್ತೆ ಕೂರಿಸಬೇಕು. ಕೂರಿಸಿದ ಮೇಲೂ ಬಿಡುಗಡೆಯಿಲ್ಲ. ದೀಪ ಎರಡು ಗಂಟೆ ಸತತವಾಗಿ ಹಸಿರಾಗಿರಬೇಕು. ನಡುವೆ ಒಂದು ಸಲ ಕೆಂಪಾದರೂ ಲೆಕ್ಕ ಮೊದಲಿನಿಂದ.

ಬಾಗಿಲಲ್ಲಿ ಅಂಗೈಯಗಲದ ಗಾಜಿತ್ತು. ಕಾವಲುಗಾರ ಆಗಾಗ ಇಣುಕುತ್ತಿದ್ದ. ಅವಳ ಮಣಿಕಟ್ಟಿಗೊಂದು ಪಟ್ಟಿ, ಪಟ್ಟಿಯಿಂದ ರ್‍ಯಾಕಿಗೊಂದು ತಂತಿ; ಮೈಯ ಕರೆಂಟು ಮಾಡ್ಯೂಲಿಗೆ ತಾಗದಿರಲೆಂದು. ಅವನ ಕಣ್ಣಿಗೆ ಮಾತ್ರ ಕರುವನ್ನು ಗೂಟಕ್ಕೆ ಕಟ್ಟಿದ ಹಾಗೆ ಕಾಣುತ್ತಿತ್ತು. ಆದರೂ ಅವಳ ಬೆರಳು ಒಂದಿಷ್ಟೂ ಅಲುಗುತ್ತಿರಲಿಲ್ಲ. ಮಾಡ್ಯೂಲನ್ನು ಜಾರುಪಟ್ಟಿಯ ಮೇಲಿಟ್ಟು, ಮೆಲ್ಲಗೆ ಒಳಗೆ ತಳ್ಳಿ, ಎರಡೂ ಬದಿಯ ಹಿಡಿ ಮಡಚಿ, ಸ್ಕ್ರೂವನ್ನು ಬಲಕ್ಕೆ ತಿರುಗಿಸಿ ಬಿಗಿಯುತ್ತಿದ್ದಳು. ಮುಗಿದ ಮೇಲೆ ಗೋಡೆಗೊರಗಿ ನೆಲದಲ್ಲೇ ಕೂರುತ್ತಿದ್ದಳು. ಒಂದು ದಿನ ಅಲ್ಲೇ ನಿದ್ದೆಹೋಗಿದ್ದಳು. ಪಾಪ, ಎಷ್ಟು ದಣಿದಿದ್ದಳೋ.

ಹೊರಗೆ ಬಂದು ಫೋನ್ ತೆಗೆದುಕೊಳ್ಳುವಾಗ ಮಾತ್ರ ಅವಳ ಕೈ ನಡುಗುತ್ತಿತ್ತು. ಆ ಚಳಿಗೆ ಯಾರ ಕೈ ನಡುಗುವುದಿಲ್ಲ?

ಹೊರಗೆ ಅವನ ಮೇಜಿನ ಮೇಲೆ ಅವಳ ಫೋನ್ ಹೊಡೆದುಕೊಳ್ಳತೊಡಗಿತು. ಅವಳ ಗಂಡ. ಅರ್ಧ ಗಂಟೆಯಲ್ಲಿ ಇದು ಹನ್ನೊಂದನೆಯ ಕರೆ. ಕಾವಲುಗಾರನಿಗೆ ಹೊಟ್ಟೆಕಿಚ್ಚಾಯಿತು. ತಾನು ಊಟ ಮಾಡಿದೆನೋ ಇಲ್ಲವೋ ಎಂದು ತನ್ನ ಹೆಂಡತಿ ಒಂದು ಸಲ ಕೇಳಿದ್ದರೆ ಕೇಳಿ!

ಆ ಗಂಡನೋ ದಿನವೂ ನಾಲ್ಕಕ್ಕೆ ಸರಿಯಾಗಿ ಗೇಟಿನ ಮುಂದೆ ಕಾರು ನಿಲ್ಲಿಸುತ್ತಿದ್ದ. ಬೆಳಿಗ್ಗೆ ಬಿಡುವವನೂ ಅವನೇ. ನಗುಮುಖ, ಮೆತ್ತಗಿನ ಮಾತು.

"ಒಳಗೆ ಬೇರೆ ಬಾಗಿಲಿದೆಯಾ?" ಎಂದು ಒಮ್ಮೆ ಕೇಳಿದ್ದ.

"ಇಲ್ಲ ಸಾರ್, ಇದೊಂದೇ."

"ಬೇರೆ ಯಾರೂ ಇರಲ್ಲ ತಾನೇ? ನೀವು ಕಣ್ಣಾರೆ ನೋಡಿದೀರಾ?"

"ಒಬ್ಬರೇ ಸಾರ್. ಗಾಜಲ್ಲಿ ನೋಡ್ತಾನೇ ಇರ್ತೀನಿ."

"ನೋಡ್ತಿರಿ. ಅವಳನ್ನ ಕಣ್ಮುಂದೆ ಇಟ್ಕೊಳ್ದಿದ್ರೆ ನಂಗೆ ಜೀವಾನೇ ಇರಲ್ಲ."

ಬೆಂಕಿಗಿಂಕಿ ಬಿದ್ದರೆ ಎಂದು ಹೆದರಿದ್ದಾನೆ, ಎಷ್ಟು ಕಾಳಜಿ ಎಂದು ಕಾವಲುಗಾರ ಕರಗಿಹೋಗಿದ್ದ. ಸ್ಕ್ರೂ ತಾನಾಗಿ ಸಡಿಲವಾಗುತ್ತದೆಯೇ, ಯಾರದೋ ಕೈವಾಡವೇ ಎಂದು ಒಂದು ವಾರ ಪತ್ತೇದಾರಿಯನ್ನೂ ಮಾಡಿದ. ಒಳಹೋದವರು ಸಹಿ ಹಾಕುವ ಪುಸ್ತಕ ತಿರುವಿದರೆ ದಿನವೂ ಮೂರೂವರೆಗೆ ದೀಪ ನೋಡಲು ಹೋಗುವ ಅವಳದೇ ಸಹಿ. ಬೇರೆ ನರಪಿಳ್ಳೆಯ ಹೆಸರಿಲ್ಲ. ಮಾಡ್ಯೂಲೇ ಹಠಮಾರಿ ಎಂದು ತೀರ್ಮಾನಿಸಿ ಕೈಚೆಲ್ಲಿದ.

ಆದರೆ ಸುಮ್ಮನಿರುವ ಜಾಯಮಾನ ಅವನದಲ್ಲ. ದೊಡ್ಡ ಎಂಜಿನಿಯರರ ಬೆನ್ನುಬಿದ್ದ. ಕಾಡಿದ, ಬೇಡಿದ, ತಲೆ ಚಿಟ್ಟು ಹಿಡಿಸಿದ. ಕೊನೆಗೆ ಇವತ್ತು ಮಧ್ಯಾಹ್ನ ಅವರು ಒಂದು ಪಾಸ್ ಬರೆದುಕೊಟ್ಟಿದ್ದರು: ಇನ್ನು ಮುಂದೆ ತಂತ್ರಜ್ಞೆಯ ಜೊತೆಗೆ ಗಂಡನೂ ಒಳಗೆ ಕೂರಬಹುದು. ಕೆಳಗೆ ಅವಳದೊಂದು ಸಹಿ ಬಿದ್ದರೆ ಆಯಿತು.

ಗೇಟಿನ ಬಳಿ ಸುದ್ದಿ ಕೇಳಿ ಗಂಡ ಅವನ ಎರಡೂ ಕೈ ಹಿಡಿದುಕೊಂಡ. "ದೊಡ್ಡ ಉಪಕಾರ ಮಾಡಿದ್ರಿ. ಈಗ್ಲೇ ಸಹಿ ಹಾಕಿಸ್ಕೊಂಡು ಬನ್ನಿ, ಇಲ್ಲೇ ಕಾಯ್ತೀನಿ."

ಕಾವಲುಗಾರ ಬೆನ್ನುನೋವು ಮರೆತು ಕಾರಿಡಾರಿನಲ್ಲಿ ದಾಪುಗಾಲು ಹಾಕಿದ. ಎರಡು ಗಂಟೆ ತುಂಬಲು ಇನ್ನು ಐದೇ ನಿಮಿಷವಿತ್ತು. ಅವಳ ಮುಖ ಅರಳುವುದನ್ನು ನೋಡಬೇಕೆಂಬ ಆಸೆಯಿಂದ ಮೊದಲು ಗಾಜಿನಲ್ಲಿ ಇಣುಕಿದ.

ದೀಪ ಹಸಿರಾಗಿತ್ತು. ಅವಳು ಎದ್ದು ನಿಂತಳು, ಗೋಡೆಯ ಗಡಿಯಾರ ನೋಡಿದಳು, ಸ್ಕ್ರೂಡ್ರೈವರ್ ಎತ್ತಿಕೊಂಡಳು. ಕೊನೆಯದಾಗಿ ಒಂದು ಸಲ ಬಿಗಿಯುತ್ತಾಳೆ ಎಂದುಕೊಂಡ. ಆದರೆ ಅವಳ ಕೈ ಎಡಕ್ಕೆ ತಿರುಗುತ್ತಿತ್ತು. ಎಡಕ್ಕೆ, ಇನ್ನೂ ಎಡಕ್ಕೆ. ಹಿಡಿಯನ್ನು ಹೊರಕ್ಕೆಳೆದಳು. ದೀಪ ಕೆಂಪಾಯಿತು.

ಕಾವಲುಗಾರ ಗಡಬಡಿಸಿ ಬಾಗಿಲು ತೆರೆದ. ಸಿಕ್ಕಿಬಿದ್ದವಳು ಅವನನ್ನು ನೋಡಲೇ ಇಲ್ಲ. ಅವನ ಹೆಗಲ ಮೇಲಿಂದ ಕಾರಿಡಾರನ್ನು ನೋಡಿದಳು. ಅವನು ಪಾಸನ್ನು ಮುಂದೆ ಚಾಚಿದ. ಅವಳು ಅದರ ಮೇಲಿನ ಗಂಡನ ಹೆಸರು ಓದಿದಳು. ಒಳಗಿದ್ದಾಗ ಎಂದೂ ನಡುಗದ ಕೈ ಗಡಗಡ ನಡುಗತೊಡಗಿತು.

"ಅವ್ರು ಬರಕ್ಕಾಗದ ಜಾಗ ಅಂತ ನಂಗೆ ಉಳಿದಿರೋದು ಇದೊಂದೇ ಅಣ್ಣಾ," ಎಂದಳು. "ದಮ್ಮಯ್ಯ, ಹೊರಗಿಂದ ಬೀಗ ಹಾಕ್ಬಿಡಿ."